ಥಾಮಸ್ ಅರ್ಸ್ಕಿನ್ನನ ವಕೀಲಿ

ವಕೀಲರನ್ನು ಕುರಿತು ನಮ್ಮ ಮನೆಗಳಲ್ಲಿ ಆಡುವ ಮಾತುಗಳಲ್ಲಿ ಗೌರವಕ್ಕಿಂತ ಗುಮಾನಿಯೇ ಹೆಚ್ಚು. ಅದರಲ್ಲಿಯೂ ಫೌಜದಾರಿ ವಕೀಲನೆಂದರೆ ಕೊಲೆಗಡುಕರನ್ನೂ ಕಳ್ಳರನ್ನೂ ಬಿಡಿಸಿ ಹಣ ಗಳಿಸುವವನೆಂಬ ಭಾವನೆ ಹಿರಿಯರಲ್ಲಿ ಬೇರೂರಿಬಿಟ್ಟಿದೆ. "ತಪ್ಪು ಮಾಡಿದವನೆಂದು ಊರಿಗೆಲ್ಲ ಗೊತ್ತಿರುವಾಗ ಈತನು ಅವನ ಪರವಾಗಿ ಯಾವ ಬಾಯಿಯಿಂದ ಮಾತನಾಡುತ್ತಾನೆ?" ಎಂಬ ಪ್ರಶ್ನೆಯನ್ನು ಈ ಲೇಖಕನು ಬಾಲ್ಯದಿಂದಲೂ ಜಗುಲಿಯ ಮೇಲೆ ಕೇಳುತ್ತ ಬಂದಿದ್ದಾನೆ. ಪ್ರಶ್ನೆ ಸಣ್ಣದಲ್ಲ. ಅದಕ್ಕೆ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಉತ್ತರವಿದ್ದೇ ಇದೆ. ಆದರೆ ಗ್ರಂಥದ ಉತ್ತರಕ್ಕಿಂತ ಒಬ್ಬ ಮನುಷ್ಯನು ತನ್ನ ಬಾಳಿನಲ್ಲಿ ಕೊಟ್ಟ ಉತ್ತರವು ಮನಸ್ಸಿಗೆ ಹೆಚ್ಚು ಹಿಡಿಸುವುದು. ಆದುದರಿಂದ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ನ್ಯಾಯಾಲಯಗಳಲ್ಲಿ ಆಪಾದಿತರ ಪಕ್ಷವನ್ನು ವಹಿಸಿ ಹೆಸರುವಾಸಿಯಾದ ಥಾಮಸ್ ಅರ್ಸ್ಕಿನ್ನನ ವೃತ್ತಾಂತವನ್ನು ವಾಚಕರ ಮುಂದಿಡಬೇಕೆನ್ನಿಸಿತು. ಆತನ ಕಥೆಯಲ್ಲಿ ನಮ್ಮ ದೇಶದ ಹೆಸರೂ ಮತ್ತೆ ಮತ್ತೆ ಬರುವುದು.

ಅರ್ಸ್ಕಿನ್ನನು 1750ನೆಯ ಇಸವಿಯ ಜನವರಿಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದನು. ತಂದೆಯು ಬುಕನ್ ಎಂಬಲ್ಲಿಯ ಅರ್ಲ್. ಮನೆತನದ ಬಿರುದು ದೊಡ್ಡದು, ಪೆಟ್ಟಿಗೆಯಲ್ಲಿ ಮಾತ್ರ ಕಾಸಿಲ್ಲ. ಕಿರಿಯ ಮಗನನ್ನು ವಿದ್ಯಾಪೀಠಕ್ಕೆ ಕಳುಹಿಸಲು ಹಣವಿಲ್ಲದೆ ಹದಿನಾಲ್ಕನೆಯ ವಯಸ್ಸಿನಲ್ಲಿ ನೌಕಾಪಡೆಗೆ ಸೇರಿಸಿದರು. ನಾಲ್ಕು ವರ್ಷ ವೆಸ್ಟ್ ಇಂಡೀಸ್ ದ್ವೀಪಗಳ ಕಡಲಿನಲ್ಲಿ ಅಲೆದು ಬಂದ ಮೇಲೆ ಭೂಸೇನೆಯಲ್ಲಿ ಒಂದು ಸಣ್ಣ ಅಧಿಕಾರವನ್ನು ಕೊಂಡುಕೊಂಡನು. ಆ ಕಾಲದಲ್ಲಿ ಸೇನಾಧಿಕಾರವು ಹಣ ಕೊಟ್ಟು ಕೊಳ್ಳುವ ಸರಕಾಗಿತ್ತು. 1770ರಲ್ಲಿ ಮದುವೆಯಾಯಿತು, ಮಕ್ಕಳಾದರು, ಮಿನೋರ್ಕ ದ್ವೀಪದ ಕಾವಲಿನಲ್ಲಿ ಎರಡು ವರ್ಷ ಕಳೆಯಿತು. ಅಲ್ಲಿ ಬೇರೆ ಕೆಲಸವಿಲ್ಲದಿದ್ದುದರಿಂದ ಆಂಗ್ಲ ಕವಿಗಳನ್ನು ಕಂಠಪಾಠವಾಗುವಷ್ಟು ಓದಿದನೆನ್ನುತ್ತಾರೆ. ಮುಂದೆ ಆತನ ನಾಲಿಗೆಗೆ ಬಂದ ಹದವು ಕಾಯಿದೆಯ ಪುಸ್ತಕಗಳಿಂದ ಬಂದುದಲ್ಲ, ಈ ಓದಿನಿಂದ ಬಂದುದೇ ಇರಬೇಕು.

ಸೇನೆಯಲ್ಲಿದ್ದಾಗ ಒಂದು ದಿನ, ತನ್ನ ದಂಡು ಬೀಡುಬಿಟ್ಟಿದ್ದ ಊರಿನಲ್ಲಿ ನ್ಯಾಯಾಧೀಶರ ಸಂಚಾರ ನಡೆಯುತ್ತಿರಲು, ಹೊತ್ತು ಕಳೆಯುವುದಕ್ಕಾಗಿ ಕೆಂಪು ಸಮವಸ್ತ್ರದಲ್ಲಿಯೇ ನ್ಯಾಯಸ್ಥಾನದೊಳಕ್ಕೆ ಹೋದನು. ಅಲ್ಲಿ ಕುಳಿತಿದ್ದವನು ಮುಖ್ಯ ನ್ಯಾಯಾಧೀಶನಾದ ಲಾರ್ಡ್ ಮ್ಯಾನ್ಸ್‌ಫೀಲ್ಡ್. ಆತನೂ ಸ್ಕಾಟ್ಲೆಂಡಿನವನೇ. ತರುಣ ಸೈನಿಕನನ್ನು ಕಂಡು, ಯಾರೆಂದು ವಿಚಾರಿಸಿ, ತನ್ನ ಪಕ್ಕದಲ್ಲಿಯೇ ಕುಳ್ಳಿರಿಸಿಕೊಂಡು ಮೊಕದ್ದಮೆಯ ಮರ್ಮವನ್ನು ತಿಳಿಸಿಕೊಟ್ಟನು. ವಾದಿಸುತ್ತಿದ್ದ ವಕೀಲರ ಮಾತನ್ನು ಕೇಳಿ ಅರ್ಸ್ಕಿನ್ನನಿಗೆ, ಇವರಿಗಿಂತ ಚೆನ್ನಾಗಿ ತಾನು ವಾದಿಸಬಲ್ಲೆನೆನ್ನಿಸಿತಂತೆ. ಅಹಂಕಾರವು ಈತನ ಹುಟ್ಟುಗುಣ. ಮುಂದೆ ಪತ್ರಿಕೆಯವರು ಈತನಿಗೆ 'ನಾನು ವಕೀಲರು' ಎಂಬರ್ಥದ ಅಡ್ಡಹೆಸರನ್ನೇ ಇಟ್ಟರು. ಏನೇ ಆಗಲಿ, 1775ರಲ್ಲಿ ಲಿಂಕನ್ಸ್ ಇನ್ ಎಂಬ ವಕೀಲರ ವಿದ್ಯಾಲಯವನ್ನು ಸೇರಿ, ಕುಲೀನರ ಮಕ್ಕಳಿಗೆ ಪರೀಕ್ಷೆಯಿಲ್ಲದೆ ಪದವಿ ಕೊಡುತ್ತಿದ್ದ ಕೇಂಬ್ರಿಜ್ಜಿನ ಪದ್ಧತಿಯ ಅನುಕೂಲವನ್ನು ಪಡೆದು, 1778ರ ಜುಲೈ ತಿಂಗಳಲ್ಲಿ ಬ್ಯಾರಿಸ್ಟರನಾದನು. ಆಗ ವಯಸ್ಸು ಇಪ್ಪತ್ತೆಂಟು. ಮನೆಯಲ್ಲಿ ಮಕ್ಕಳು, ಸುತ್ತಲೂ ಸಾಲ.

ಮೊದಲನೆಯ ಮೊಕದ್ದಮೆಯು ಒಂದು ಊಟದ ಮನೆಯಿಂದ ಬಂದಿತು. ಗ್ರಿನಿಚ್ಚಿನಲ್ಲಿ ವೃದ್ಧ ನಾವಿಕರ ಪಾಲನೆಗಾಗಿ ಸ್ಥಾಪಿತವಾದ ಆಸ್ಪತ್ರೆಯೊಂದಿತ್ತು. ಅದರ ಉಪಾಧಿಪತಿಯಾದ ಕ್ಯಾಪ್ಟನ್ ಬೈಲಿಯು, ನಾವಿಕರಿಗೆ ಮೀಸಲಾದ ಸ್ಥಾನಗಳಲ್ಲಿ ಕಡಲನ್ನೇ ಕಾಣದ ಜನರನ್ನು ಚುನಾವಣೆಯ ಋಣ ತೀರಿಸುವುದಕ್ಕಾಗಿ ತುಂಬಿದ್ದಾರೆಂದೂ, ಇದಕ್ಕೆ ನೌಕಾಮಂತ್ರಿಯಾದ ಲಾರ್ಡ್ ಸ್ಯಾಂಡ್‌ವಿಚ್ಚನೇ ಕಾರಣನೆಂದೂ ತೋರುವಂತೆ ಒಂದು ಪುಸ್ತಕವನ್ನು ಅಚ್ಚುಹಾಕಿಸಿ ಹಂಚಿದನು. ಕೂಡಲೇ ಅವನನ್ನು ಹುದ್ದೆಯಿಂದ ತೆಗೆದರು. ಕೆಳಗಿನ ಅಧಿಕಾರಿಗಳಿಂದ ಮಾನಹಾನಿಯ ಫರ್ಯಾದನ್ನೂ ಹೂಡಿಸಿದರು. ಅರ್ಸ್ಕಿನ್ನನು ಒಂದು ಔತಣದಲ್ಲಿ, ಎದುರಿಗೆ ಕುಳಿತವನೇ ಬೈಲಿಯೆಂಬುದನ್ನು ಅರಿಯದೆ, ಸ್ಯಾಂಡ್‌ವಿಚ್ಚನ ನಡತೆಯನ್ನು ಕಟುವಾಗಿ ಖಂಡಿಸಿದನು. ಮಾತನಾಡಿದವನು ಹಿಂದೆ ನಾವಿಕನಾಗಿದ್ದವನೆಂದು ತಿಳಿದ ಬೈಲಿಯು ಮರುದಿನವೇ ವಕಾಲತ್ತನ್ನು ಕಳುಹಿಸಿಕೊಟ್ಟನು.

ಬೈಲಿಯ ಪರವಾಗಿ ಐವರು ವಕೀಲರು, ಅರ್ಸ್ಕಿನ್ನನು ಕಟ್ಟಕಡೆಯವನು. ಖರ್ಚು ತೆತ್ತು ರಾಜಿ ಮಾಡಿಕೊಳ್ಳುವುದೇ ಲೇಸೆಂದು ಹಿರಿಯರು ಹೇಳಿದಾಗ ಬೇಡವೆಂದವನು ಈ ಕಿರಿಯನೊಬ್ಬನೇ. ಮುದಿ ಕ್ಯಾಪ್ಟನನು ಅವನನ್ನು ಅಪ್ಪಿಕೊಂಡನಂತೆ. ನವೆಂಬರಿನಲ್ಲಿ ವಿಚಾರಣೆ ನಡೆದ ದಿನ ಹಿರಿಯ ವಕೀಲರ ವಾದಗಳೇ ಸಂಜೆಯವರೆಗೆ ಬೆಳೆದುವು. ಅವರಲ್ಲೊಬ್ಬನಿಗೆ ದೇಹಾಲಸ್ಯವಿದ್ದುದರಿಂದ ನಡುನಡುವೆ ಹೊರಕ್ಕೆ ಹೋಗಿಬರಬೇಕಾಗಿ ಇನ್ನಷ್ಟು ಹೊತ್ತಾಯಿತು. ನ್ಯಾಯಾಧೀಶರು ಸಭೆಯನ್ನು ಮರುದಿನಕ್ಕೆ ಮುಂದೂಡಿದರು. ಹೀಗಾಗಿ ದಣಿದ ಕಿವಿಗಳಿಗೆ ಬದಲಾಗಿ ಬೆಳಗಿನ ಹೊಸ ಕಿವಿಗಳು ಅರ್ಸ್ಕಿನ್ನನಿಗೆ ದೊರಕಿದುವು. ದೊಡ್ಡ ಪುರುಷರ ಭಾಗ್ಯವು ಕೆಲವು ವೇಳೆ ಪರರ ಮೂತ್ರವ್ಯಾಧಿಯನ್ನೂ ಆಶ್ರಯಿಸಿರುತ್ತದೆ.

ಮಾತಿನ ನಡುವೆ ಆತನು ಸ್ಯಾಂಡ್‌ವಿಚ್ಚನ ಹೆಸರನ್ನೆತ್ತಿದನು. ಆ ಪ್ರಭುವು ಈ ಮೊಕದ್ದಮೆಯಲ್ಲಿ ನ್ಯಾಯಾಲಯದ ಮುಂದಿಲ್ಲವೆಂದು ಮ್ಯಾನ್ಸ್‌ಫೀಲ್ಡನು ಎಚ್ಚರಿಸಿದಾಗ, ಮುಂದಿಲ್ಲವೆಂಬುದು ತನಗೆ ಗೊತ್ತೆಂದೂ ಆ ಕಾರಣದಿಂದಲೇ ಅವನನ್ನು ತಾನು ಮುಂದಕ್ಕೆ ತರುವೆನೆಂದೂ ಉತ್ತರ ಕೊಟ್ಟನು. ನಿನ್ನೆಯವರೆಗೆ ಹೆಸರಿಲ್ಲದ ಒಬ್ಬ ಹೊಸ ವಕೀಲನು, ತನಗೆ ಉಪಕಾರ ಮಾಡಿದ ಮುಖ್ಯ ನ್ಯಾಯಾಧೀಶನ ಇದಿರಿನಲ್ಲಿ, ಅಧಿಕಾರದಲ್ಲಿರುವ ಮಂತ್ರಿಯನ್ನು ಹೀಗೆ ಎಳೆದುದು ಸಭೆಗೆ ಸಿಡಿಲೆರಗಿದಂತಾಯಿತು. ಫರ್ಯಾದು ವಜಾ ಆಯಿತು. ಅಷ್ಟು ಧೈರ್ಯ ಎಲ್ಲಿಂದ ಬಂದಿತೆಂದು ಕೇಳಿದವರಿಗೆ ಆತನು, ಮಕ್ಕಳು ತನ್ನ ನಿಲುವಂಗಿಯನ್ನು ಹಿಡಿದೆಳೆದು ಅನ್ನ ತರಲು ಇದೇ ಸಮಯವೆಂದು ಹೇಳುತ್ತಿರುವಂತೆ ಭಾಸವಾಯಿತೆಂದನಂತೆ. ಆ ದಿನ ನ್ಯಾಯಾಲಯದ ಬಾಗಿಲು ದಾಟುವಷ್ಟರಲ್ಲಿಯೇ ವಕಾಲತ್ತುಗಳ ಕಟ್ಟು ಕೈಸೇರಿತು. ಬೈಲಿಗೆ ಮಾತ್ರ ಹೋದ ಹುದ್ದೆ ಮರಳಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ಕೊಲೆ, ಕಳವು, ಖೋಟಾ ಮೊದಲಾದ ಘೋರಾಪರಾಧಗಳ ಆರೋಪ ಹೊತ್ತವನ ವಕೀಲನು ಸಾಕ್ಷಿಗಳಿಗೆ ಪಾಟೀಸವಾಲು ಹಾಕಬಹುದಾಗಿತ್ತು, ಕಾಯಿದೆಯ ಸೂಕ್ಷ್ಮಗಳನ್ನು ಎತ್ತಬಹುದಾಗಿತ್ತು. ಆದರೆ ಜ್ಯೂರಿಯ ಕಡೆಗೆ ತಿರುಗಿ ಆಪಾದಿತನ ಪರವಾಗಿ ಒಂದು ಮಾತನ್ನೂ ಆಡುವಂತಿರಲಿಲ್ಲ. ಕೊರಳಿಗೆ ಉರುಲು ಬೀಳುವ ಹೊತ್ತಿನಲ್ಲಿ ಅಕ್ಷರವರಿಯದ ಬಡವನು ತನ್ನ ವಾದವನ್ನು ತಾನೇ ಹೇಳಿಕೊಳ್ಳಬೇಕು. 1775ರಲ್ಲಿ ಕಲ್ಕತ್ತೆಯಲ್ಲಿ ಖೋಟಾ ದಸ್ತಾವೇಜಿನ ಆರೋಪದ ಮೇಲೆ ಮಹಾರಾಜ ನಂದಕುಮಾರನನ್ನು ಗಲ್ಲಿಗೇರಿಸಿದ ವಿಚಾರಣೆಯೂ ಈ ಇಂಗ್ಲಿಷ್ ಕಾಯಿದೆಯಂತೆಯೇ ನಡೆದುದು. ಲಘುವೆನಿಸಿದ ಮಾನಹಾನಿಯ ಅಪರಾಧದಲ್ಲಿಯೂ, 1696ರ ಒಂದು ಶಾಸನದ ಬಲದಿಂದ ರಾಜದ್ರೋಹದ ಅಪರಾಧದಲ್ಲಿಯೂ ಮಾತ್ರ ವಕೀಲನಿಗೆ ಬಾಯಿ ಬಿಡುವ ಹಕ್ಕಿತ್ತು. ಅರ್ಸ್ಕಿನ್ನನ ಕೀರ್ತಿಯೆಲ್ಲವೂ ಈ ಎರಡು ಬಗೆಯ ಮೊಕದ್ದಮೆಗಳಲ್ಲಿಯೇ ಬೆಳೆಯಿತೆಂಬುದಕ್ಕೆ ಇದೇ ಕಾರಣ. ಉಳಿದೆಡೆಯಲ್ಲಿ ಕಾಯಿದೆಯೇ ಆತನ ಬಾಯಿಗೆ ಬೀಗ ಹಾಕಿತ್ತು.

1780ರ ಜೂನಿನಲ್ಲಿ ಲಂಡನ್ನಿನಲ್ಲಿ ಭಯಂಕರವಾದ ದಂಗೆಯಾಯಿತು. ಕ್ಯಾಥೊಲಿಕರಿಗೆ ಕೆಲವು ಸವಲತ್ತು ಕೊಟ್ಟ ಶಾಸನವನ್ನು ರದ್ದು ಮಾಡಬೇಕೆಂದು ಲಾರ್ಡ್ ಜಾರ್ಜ್ ಗಾರ್ಡನ್ನನು ಸಹಸ್ರಾರು ಜನರನ್ನು ಕೂಡಿಸಿ ಪಾರ್ಲಿಮೆಂಟಿಗೆ ಅರ್ಜಿಯನ್ನೊಯ್ದನು. ಜನರ ಗುಂಪು ಅವನ ಅಂಕೆ ಮೀರಿತು. ಸೆರೆಮನೆಗಳು ಸುಟ್ಟುವು, ನೂರಾರು ಜನ ಸತ್ತರು, ಲಾರ್ಡ್ ಮ್ಯಾನ್ಸ್‌ಫೀಲ್ಡನ ಮನೆಯೂ ಅವನ ಅಮೂಲ್ಯವಾದ ಪುಸ್ತಕಭಂಡಾರವೂ ಬೂದಿಯಾದುವು. ಮರುವರ್ಷ ಫೆಬ್ರುವರಿಯಲ್ಲಿ ಗಾರ್ಡನ್ನನ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಪೀಠದಲ್ಲಿ ಕುಳಿತವನು ಅದೇ ಮ್ಯಾನ್ಸ್‌ಫೀಲ್ಡ್! ಅರ್ಸ್ಕಿನ್ನನ ವಾದವು ಸರಳವಾಗಿತ್ತು. ದಂಗೆಯಾದುದು ನಿಜ, ಅದು ಘೋರವೂ ಹೌದು, ಆದರೆ ಅರಸನ ಮೇಲೆ ಯುದ್ಧ ಹೂಡಬೇಕೆಂಬ ಸಂಕಲ್ಪವು ಈ ಮನುಷ್ಯನ ಮನಸ್ಸಿನಲ್ಲಿತ್ತೆಂದು ಯಾವ ಸಾಕ್ಷಿ ಹೇಳಿದೆ? ನಡೆದುಹೋದ ಅನರ್ಥದಿಂದ ಹಿಂದಕ್ಕೆ ಹೋಗಿ ಉದ್ದೇಶವನ್ನು ಕಟ್ಟಿಹಾಕಬಾರದು. ಜ್ಯೂರಿಯು ಗಾರ್ಡನ್ನನನ್ನು ಬಿಟ್ಟಿತು. ಗಾರ್ಡನ್ನನ ಮತದ್ವೇಷವನ್ನು ಈ ಲೇಖಕನು ಎಳ್ಳಷ್ಟೂ ಮೆಚ್ಚಲಾರನು. ಅರ್ಸ್ಕಿನ್ನನೂ ಮೆಚ್ಚಿದ್ದನೆಂದು ತೋರುವುದಿಲ್ಲ.

ಮುಂದಿನದು ನಮಗೆ ಹೆಚ್ಚು ಹತ್ತಿರವಾದ ಪ್ರಸಂಗ. ಶಾಕುಂತಲವನ್ನು ಆಂಗ್ಲರಿಗೆ ಪರಿಚಯ ಮಾಡಿಕೊಟ್ಟ ಸರ್ ವಿಲಿಯಂ ಜೋನ್ಸನ ಹೆಸರನ್ನು ಕೇಳದ ವಿದ್ಯಾವಂತರು ನಮ್ಮಲ್ಲಿ ವಿರಳ. ಕಲ್ಕತ್ತೆಗೆ ನ್ಯಾಯಾಧೀಶನಾಗಿ ಹೊರಡುವುದಕ್ಕೆ ಮುಂಚೆ ಆತನು, ರಾಜ್ಯವೂ ಒಂದು ಬಗೆಯ ಕೂಟವೇ, ಅದರ ನಿಯಮಗಳಲ್ಲಿ ಸದಸ್ಯರೆಲ್ಲರಿಗೂ ಪಾಲಿದೆ ಎಂಬುದನ್ನು ಒಬ್ಬ ಪಂಡಿತನಿಗೂ ರೈತನಿಗೂ ನಡೆದ ಸಂವಾದದ ರೂಪದಲ್ಲಿ ಬರೆದು ಪ್ರಕಟಿಸಿದ್ದನು. ಜೋನ್ಸನ ಹೆಂಡತಿಯ ಅಣ್ಣನೂ ಸೇಂಟ್ ಅಸಾಫ್ ಎಂಬಲ್ಲಿಯ ಧರ್ಮಾಧಿಕಾರಿಯೂ ಆದ ಶಿಪ್ಲಿಯು ಅದನ್ನು ಪುನಃ ಅಚ್ಚುಮಾಡಿಸಿದನು. ಬರೆದವನು ನ್ಯಾಯಪೀಠವೇರಿ ಹಡಗು ಹತ್ತಿದನು. ಅಚ್ಚುಮಾಡಿಸಿದವನು ರಾಜನಿಂದೆಯ ಆರೋಪಕ್ಕೆ ಗುರಿಯಾದನು. ವಿಧಿಯ ಈ ವಿನೋದವನ್ನು ಅರ್ಸ್ಕಿನ್ನನು ಜ್ಯೂರಿಯ ಮುಂದೆ ಚೆನ್ನಾಗಿ ಬಳಸಿಕೊಂಡನು.

ಆದರೆ ಅಲ್ಲಿ ನಿಜವಾದ ಜಗಳವು ಪುಸ್ತಕದ ಮೇಲಿನದಲ್ಲ. ರಾಜನಿಂದೆಯ ಮೊಕದ್ದಮೆಗಳಲ್ಲಿ ಜ್ಯೂರಿಯವರು, ಆಪಾದಿತನು ಪುಸ್ತಕವನ್ನು ಪ್ರಕಟಿಸಿದನೋ ಇಲ್ಲವೋ ಎಂಬುದನ್ನೂ ಅದರಲ್ಲಿರುವ ಮಾತುಗಳು ಯಾರನ್ನು ಕುರಿತವೆಂಬುದನ್ನೂ ಮಾತ್ರ ಹೇಳಬೇಕು. ಅದು ನಿಂದೆಯೋ ಅಲ್ಲವೋ ಎಂಬುದನ್ನು ನ್ಯಾಯಾಧೀಶರು ಗೊತ್ತುಮಾಡುವರು ಎಂಬುದು ಅಂದಿನ ಪದ್ಧತಿ. ನ್ಯಾಯಾಧೀಶರನ್ನು ನೇಮಿಸುವವನು ಅರಸ. ನಿಂದೆಗೊಳಗಾದವರು ಅರಸನ ಮಂತ್ರಿಗಳು. ಹೀಗಿರಲು ಜ್ಯೂರಿಯು ಬರಿಯ ತೋರಿಕೆಯಾಯಿತೆಂದು ಬೇರೆ ಹೇಳಬೇಕಾದುದಿಲ್ಲ. 1784ರ ಆಗಸ್ಟಿನಲ್ಲಿ ಶ್ರೂಸ್‌ಬರಿಯಲ್ಲಿ ವಿಚಾರಣೆಯಾದಾಗ ಜ್ಯೂರಿಯವರು "ಪ್ರಕಟಿಸಿದ ಮಟ್ಟಿಗೆ ಮಾತ್ರ ಅಪರಾಧಿ" ಎಂದರು. 'ಮಾತ್ರ' ಎಂಬ ಆ ಒಂದು ಪದವನ್ನು ಬರೆಯಿಸಬೇಕೆಂದು ಅರ್ಸ್ಕಿನ್ನನು, ಕೂಡದೆಂದು ನ್ಯಾಯಾಧೀಶ ಬುಲ್ಲರನು. ಕುಳಿತುಕೊಳ್ಳದಿದ್ದರೆ ಬೇರೆ ರೀತಿಯಲ್ಲಿ ವರ್ತಿಸಬೇಕಾಗುವುದೆಂದು ನ್ಯಾಯಾಧೀಶನು ಗದರಿಸಲು, ತಮಗೆ ತೋರಿದಂತೆ ಮಾಡಬಹುದೆಂದೂ, ತಮ್ಮ ಕರ್ತವ್ಯವು ತಮಗೆ ಗೊತ್ತಿರುವಷ್ಟೇ ತನ್ನ ಕರ್ತವ್ಯವು ತನಗೂ ಗೊತ್ತೆಂದೂ ಅರ್ಸ್ಕಿನ್ನನು ನಿಂತೇ ಉತ್ತರವಿತ್ತನು. ಬುಲ್ಲರನು ಒಂದು ಕಾಲದಲ್ಲಿ ಆತನಿಗೆ ಕಾಯಿದೆ ಕಲಿಸಿದ ಗುರುವೇ ಆಗಿದ್ದನೆಂಬುದನ್ನು ನೆನೆದರೆ ಆ ಗಳಿಗೆಯ ಭಾರವು ತಿಳಿದೀತು.

ಮೊಕದ್ದಮೆಯ ಮರುವಿಚಾರಣೆಗಾಗಿ ಅರ್ಸ್ಕಿನ್ನನು ಮ್ಯಾನ್ಸ್‌ಫೀಲ್ಡನ ಮುಂದೆ ಮಾಡಿದ ವಾದವು ಸೋತಿತು. ಆದರೂ ಆಪಾದನಾಪತ್ರದಲ್ಲಿದ್ದ ದೋಷವೊಂದರಿಂದ ಶಿಪ್ಲಿಯು ಪಾರಾದನು. ಸೋತ ಆ ವಾದವೇ ಎಂಟು ವರ್ಷಗಳ ತರುವಾಯ, 1792ರಲ್ಲಿ, ಫಾಕ್ಸನು ಮಂಡಿಸಿದ ಶಾಸನದ ರೂಪದಿಂದ ನೆಲದ ಕಾಯಿದೆಯಾಯಿತು: ನಿಂದೆಯೋ ಅಲ್ಲವೋ ಎಂಬುದನ್ನು ಜ್ಯೂರಿಯೇ ಹೇಳತಕ್ಕದ್ದು. ಇಷ್ಟರಿಂದ ಎಲ್ಲ ಆಪಾದಿತರೂ ಉಳಿದರೆಂದು ತಿಳಿಯಬಾರದು. ಜ್ಯೂರಿಯಲ್ಲಿ ಕುಳಿತವರು ಯಾರೆಂಬುದೇ ಕೊನೆಗೆ ಮುಖ್ಯವಾಗುವುದು. 1908ರಲ್ಲಿ ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ತಾವೇ ದಿನಗಟ್ಟಲೆ ವಾದಿಸಿದರೂ ಏಳು ಜನ ಅಪರಾಧಿಯೆಂದರು, ಇಬ್ಬರು ಅಲ್ಲವೆಂದರು. ಆರು ವರ್ಷ ಮಂಡಾಲೆಯ ಸೆರೆ. ಆ ಶಿಕ್ಷೆಯನ್ನು ವಿಧಿಸಿದ ನ್ಯಾಯಾಧೀಶ ದಾವರರೇ 1897ರಲ್ಲಿ ಬ್ಯಾರಿಸ್ಟರಾಗಿ ತಿಲಕರ ಜಾಮೀನಿಗಾಗಿ ವಾದಿಸಿದ್ದರು. ವಕೀಲನ ಗೌನಿನಿಂದ ನ್ಯಾಯಾಧೀಶನ ಪೀಠಕ್ಕೆ ಇರುವ ದೂರವು ನಾಲ್ಕು ಮೆಟ್ಟಿಲಿನದಾದರೂ ಏರುವವನನ್ನು ಅದು ಬಹಳ ಬದಲಾಯಿಸುತ್ತದೆ.

ನಡುವೆ ಅರ್ಸ್ಕಿನ್ನನು ಪಾರ್ಲಿಮೆಂಟಿಗೂ ಹೋಗಿದ್ದನು. 1783ರ ನವೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಹತೋಟಿಗೆ ತರಲು ಫಾಕ್ಸನು ತಂದ ಮಸೂದೆಯ ಮೇಲೆ ಆತನ ಮೊದಲ ಭಾಷಣ. ಎದುರಿಗೆ ಕುಳಿತಿದ್ದ ಪಿಟ್ಟನು ಲೇಖನಿ ಹಿಡಿದು ಮೊದಮೊದಲು ಏನನ್ನೋ ಗುರುತು ಹಾಕಿಕೊಳ್ಳುತ್ತಿದ್ದವನು, ನಡುವೆ ತಿರಸ್ಕಾರದಿಂದ ಲೇಖನಿಯನ್ನು ಕಾಗದದ ಮೇಲೆ ಕುಟ್ಟಿ ಎಸೆದುಬಿಟ್ಟನು. ಅಷ್ಟರಿಂದಲೇ ಅರ್ಸ್ಕಿನ್ನನ ಮಾತು ಕುಗ್ಗಿಹೋಯಿತು. ಜ್ಯೂರಿಯ ಹನ್ನೆರಡು ಮಂದಿಯ ಮುಂದೆ ಸಿಂಹವಾಗಿದ್ದವನು ಪಾರ್ಲಿಮೆಂಟಿನಲ್ಲಿ ಎಂದೂ ಬೆಳಗಲಿಲ್ಲ.

ಇನ್ನೊಂದು ಸಲ ಭರತಖಂಡದ ವಿಷಯವೇ ಬಂದಿತು. ವಾರೆನ್ ಹೇಸ್ಟಿಂಗ್ಸನ ಮೇಲೆ ಕಾಮನ್ಸ್ ಸಭೆಯು ದೋಷಾರೋಪಣೆ ನಡೆಸುತ್ತಿರಲು, ಅವನನ್ನು ಸಮರ್ಥಿಸಿ ಸಭೆಯನ್ನು ಹಳಿದ ಪುಸ್ತಕವೊಂದನ್ನು ಸ್ಟಾಕ್‌ಡೇಲ್ ಎಂಬವನು ಪ್ರಕಟಿಸಿದನು. ಸಭೆಯು ಅವನ ಮೇಲೆಯೇ ಮೊಕದ್ದಮೆ ಹೂಡಿಸಿತು. 1789ರ ಡಿಸೆಂಬರಿನಲ್ಲಿ ಅರ್ಸ್ಕಿನ್ನನು ಅವನ ಪರವಾಗಿ ಮಾಡಿದ ಭಾಷಣವನ್ನು ಆಂಗ್ಲ ವಾಗ್ಮಿತೆಯ ಶಿಖರವೆಂದು ಬಲ್ಲವರು ಎಣಿಸುತ್ತಾರೆ. ಒಂದು ಗ್ರಂಥವನ್ನು ಅಲ್ಲೊಂದು ಇಲ್ಲೊಂದು ವಾಕ್ಯ ಹೆಕ್ಕಿ ಅಳೆಯಬಾರದು, ಬರೆದವನ ಸಮಗ್ರ ಅಭಿಪ್ರಾಯವನ್ನು ನೋಡಬೇಕೆಂಬುದು ಕಾಯಿದೆಯ ಅಂಶ. ಆದರೆ ಆತನು ಅಲ್ಲಿಗೆ ನಿಲ್ಲಲಿಲ್ಲ. ಪರರ ನೆಲವನ್ನು ಬಲಾತ್ಕಾರದಿಂದ ಹಿಡಿದಿರುವ ರಾಷ್ಟ್ರವು, ಅಲ್ಲಿಗೆ ತಾನು ಕಳುಹಿಸಿದ ಅಧಿಕಾರಿಯು ಧರ್ಮಸೂತ್ರದಂತೆ ನಡೆಯಲಿಲ್ಲವೆಂದು ಹೇಗೆ ದೂರೀತು? ದೋಷವಿದ್ದರೆ ಕಳುಹಿಸಿದವರದು ಎಂದನು. ಅಮೆರಿಕದ ಆದಿವಾಸಿ ನಾಯಕನೊಬ್ಬನು, ಈ ನದಿಯನ್ನೂ ಈ ಕಾಡನ್ನೂ ಕೊಟ್ಟವನೇ ನಮಗೆ ಈ ನೆಲವನ್ನು ಕೊಟ್ಟನೆಂದು ಹೇಳಿ ಆಯುಧವನ್ನು ನೆಲಕ್ಕೆಸೆದು ಯುದ್ಧಘೋಷ ಮಾಡಿದ ಚಿತ್ರವನ್ನು ಜ್ಯೂರಿಯ ಕಣ್ಣಮುಂದೆ ತಂದು ನಿಲ್ಲಿಸಿದನು.

ಸ್ಟಾಕ್‌ಡೇಲನು ಬಿಡುಗಡೆ ಹೊಂದಿದನು. ಭಾರತೀಯನಾದವನು ಈ ಭಾಷಣವನ್ನು ಓದುವಾಗ ಮನಸ್ಸು ಎರಡಾಗುತ್ತದೆ. ನಮ್ಮ ದೇಶಕ್ಕಾದ ಅನ್ಯಾಯವನ್ನು ಅಷ್ಟು ನಿಷ್ಠುರವಾಗಿ ನುಡಿದ ಆಂಗ್ಲರು ಆ ಕಾಲದಲ್ಲಿ ಕೆಲವರೇ. ಆದರೆ ಆ ಸತ್ಯವನ್ನು ಆತನು ಬಳಸಿದುದು ಅನ್ಯಾಯ ಮಾಡಿದವನನ್ನು ಸಮರ್ಥಿಸಿದ ಪುಸ್ತಕವನ್ನು ಉಳಿಸುವುದಕ್ಕೆ! ಎಲ್ಲರೂ ತಪ್ಪಿತಸ್ಥರೆಂದ ಮೇಲೆ ಹೇಸ್ಟಿಂಗ್ಸನೊಬ್ಬನನ್ನು ಹಿಡಿಯುವುದೇಕೆಂಬ ವಾದವು ವಕೀಲನ ಜಾಣ್ಮೆಯೇ ಹೊರತು ನಂದಕುಮಾರನಿಗೂ ಅಯೋಧ್ಯೆಯ ಬೇಗಮರಿಗೂ ದೊರೆತ ನ್ಯಾಯವಲ್ಲ. ಹೇಸ್ಟಿಂಗ್ಸನು 1795ರಲ್ಲಿ ಬಿಡುಗಡೆಯಾದನು.

ಇಷ್ಟರಲ್ಲಿ ಫ್ರಾನ್ಸಿನ ಕ್ರಾಂತಿಯ ಗಾಳಿ ಇಂಗ್ಲೆಂಡಿಗೆ ಬೀಸಿತು. ಥಾಮಸ್ ಪೇನನು 'ಮಾನವನ ಹಕ್ಕುಗಳು' ಎಂಬ ಗ್ರಂಥದ ಎರಡನೆಯ ಭಾಗವನ್ನು 1792ರ ಫೆಬ್ರುವರಿಯಲ್ಲಿ ಪ್ರಕಟಿಸಿ ವಂಶಪಾರಂಪರ್ಯದ ಅರಸುತನವನ್ನೇ ಅಲ್ಲಗಳೆದನು. ಸರ್ಕಾರವು ಮೊಕದ್ದಮೆ ಹೂಡಿತು. ಪೇನನು ಸೆಪ್ಟೆಂಬರಿನಲ್ಲಿ ಫ್ರಾನ್ಸಿಗೆ ಹೊರಟುಹೋದನು. ಅವನ ಪರವಾಗಿ ವಕಾಲತ್ತು ಬಂದುದು ಅರ್ಸ್ಕಿನ್ನನಿಗೆ. ಆತನಾದರೋ ಆಗ ಯುವರಾಜನ ಅಟಾರ್ನಿ ಜನರಲ್ ಎಂಬ ಮಾನ್ಯ ಪದವಿಯಲ್ಲಿದ್ದನು. ಅರಸುತನವನ್ನೇ ಬೇಡವೆಂದವನನ್ನು ಅರಸನ ಮಗನ ವಕೀಲನು ರಕ್ಷಿಸುವುದೇ? ಸ್ನೇಹಿತರು ಬೇಡವೆಂದರು, ಪತ್ರಿಕೆಗಳು ಬೈದುವು. ಒಂದು ನವೆಂಬರ್ ಸಂಜೆ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಮುಂದಿನ ವರ್ಷ ಲಾರ್ಡ್ ಚಾನ್ಸೆಲರನಾಗಲಿದ್ದ ಲಫ್‌ಬರೋ ಪ್ರಭುವು ಎದುರಾಗಿ, ಪೇನನ ವಕಾಲತ್ತನ್ನು ಹಿಡಿಯಕೂಡದೆಂದು ಹೇಳಿದನಂತೆ. ಆಗಲೇ ಹಿಡಿದಾಯಿತು, ದೇವರಾಣೆಗೂ ಬಿಡೆನೆಂದು ತಾನು ಉತ್ತರ ಕೊಟ್ಟೆನೆಂದು ಅರ್ಸ್ಕಿನ್ನನೇ ಹೇಳಿಕೊಂಡಿದ್ದಾನೆ.

ಡಿಸೆಂಬರ್ 18ರಂದು ವಿಚಾರಣೆ ನಡೆಯಿತು. ಗೆಲ್ಲುವ ಆಸೆಯೇ ಇರಲಿಲ್ಲ. ಪೇನನೇ ಪ್ಯಾರಿಸಿನಿಂದ ಬರೆದ ಉದ್ಧಟತನದ ಕಾಗದವನ್ನು ಸರ್ಕಾರದ ವಕೀಲನು ಓದಿ ತೋರಿಸಿ ಇದ್ದ ಅಲ್ಪ ಕನಿಕರವನ್ನೂ ಕೆಡಿಸಿದನು. ಅಂದಿನ ವಾದದಲ್ಲಿ ಅರ್ಸ್ಕಿನ್ನನು ತನ್ನ ವೃತ್ತಿಯ ಧರ್ಮವನ್ನು ಕುರಿತು ಹೇಳಿದ ಮಾತಿನ ಸಾರಾಂಶ ಹೀಗಿದೆ: ಇಂಥವನ ಪರವಾಗಿ ನಿಲ್ಲುವೆನು, ಇಂಥವನ ಪರವಾಗಿ ನಿಲ್ಲೆನು ಎಂದು ವಕೀಲನು ಆರಿಸಿಕೊಳ್ಳತೊಡಗಿದ ದಿನವೇ ಜನರ ಸ್ವಾತಂತ್ರ್ಯ ಮುಗಿಯಿತು, ಏಕೆಂದರೆ ಆಪಾದನೆಯನ್ನು ಕೇಳಿಯೇ ಅವನು ಹಿಂಜರಿದರೆ, ವಿಚಾರಣೆಗೆ ಮುಂಚೆಯೇ ಅವನು ನ್ಯಾಯಾಧೀಶನ ಸ್ಥಾನವನ್ನು ವಹಿಸಿಕೊಂಡಂತಾಗುವುದು, ಅವನ ಹೆಸರು ದೊಡ್ಡದಾದಷ್ಟೂ ಆ ಹಿಂಜರಿಕೆಯ ಭಾರವು ಆಪಾದಿತನ ತಲೆಯ ಮೇಲೆ ಹೆಚ್ಚಾಗಿ ಬೀಳುವುದು. ವಾದ ಮುಗಿದೊಡನೆ, ಸರ್ಕಾರದ ಕಡೆಯ ಉತ್ತರವೇ ಬೇಕಿಲ್ಲವೆಂದು ಜ್ಯೂರಿಯವರು ಅಪರಾಧಿಯೆಂದು ಹೇಳಿಬಿಟ್ಟರು. ಅರ್ಸ್ಕಿನ್ನನು ಯುವರಾಜನ ಸೇವೆಯಿಂದ ತೆಗೆದುಹಾಕಲ್ಪಟ್ಟನು.

ಜಗುಲಿಯ ಪ್ರಶ್ನೆಗೆ ಉತ್ತರವು ಈ ಸೋತ ಮೊಕದ್ದಮೆಯಲ್ಲಿದೆಯೆಂದು ಈ ಲೇಖಕನಿಗೆ ತೋರುತ್ತದೆ. ಇದು ದೂರದ ದೇಶದ ಹಳೆಯ ಮಾತೆಂದು ಯಾರೂ ತಿಳಿಯಬೇಡಿರಿ. ಆಪಾದಿತನ ಪರವಾಗಿ ತಮ್ಮಲ್ಲಿ ಯಾರೂ ನಿಲ್ಲಕೂಡದೆಂದು ವಕೀಲರ ಸಂಘಗಳು ನಿರ್ಣಯ ಮಾಡುವ ರೂಢಿಯು ನಮ್ಮ ದೇಶದಲ್ಲಿ ಬೆಳೆದಾಗ, 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಥ ನಿರ್ಣಯಗಳು ಶೂನ್ಯವೆಂದು ತೀರ್ಪಿತ್ತಿತು. ಆ ತೀರ್ಪಿನಲ್ಲಿ ಪೇನನ ಪರವಾಗಿ ಅರ್ಸ್ಕಿನ್ನನು ನಿಂತ ಸಂಗತಿಯನ್ನೇ ಉದಾಹರಿಸಿದೆ. ಆದರೂ 2020ರಲ್ಲಿ ರಾಜದ್ರೋಹದ ಆಪಾದನೆಗೊಳಗಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೇ ಇಂಥ ನಿರ್ಣಯವಾಯಿತು, ಅದು ನಮ್ಮ ಉಚ್ಚ ನ್ಯಾಯಾಲಯದ ಆಕ್ಷೇಪಣೆಗೂ ಗುರಿಯಾಯಿತು. ವಿದ್ಯಾರ್ಥಿಗಳು ಮಾಡಿದುದು ಸರಿಯೋ ತಪ್ಪೋ ಎಂಬುದು ಇಲ್ಲಿಯ ಮಾತಲ್ಲ. ಅದನ್ನು ನಿರ್ಣಯಿಸಲೆಂದೇ ನ್ಯಾಯಾಲಯವಿರುವುದು.

ಅರ್ಸ್ಕಿನ್ನನ ಜೀವಮಾನದ ದೊಡ್ಡ ಹೋರಾಟವು 1794ರಲ್ಲಿ ಒದಗಿತು. ಥಾಮಸ್ ಹಾರ್ಡಿಯೆಂಬ ಸ್ಕಾಟ್ಲೆಂಡಿನ ಚಮ್ಮಾರನೊಬ್ಬನು ಲಂಡನ್ನಿನಲ್ಲಿ ಜೋಡು ಹೊಲಿಯುತ್ತಿದ್ದನು. ವಾರಕ್ಕೊಂದು ಪೆನ್ನಿಯ ಚಂದಾದಿಂದ ಕೈಕಸುಬಿನವರ ಒಂದು ಸಂಘವನ್ನು 1792ರಲ್ಲಿ ಕಟ್ಟಿ, ಪ್ರತಿಯೊಬ್ಬ ಗಂಡಸಿಗೂ ಮತವಿರಬೇಕು, ವರ್ಷಕ್ಕೊಮ್ಮೆ ಚುನಾವಣೆಯಾಗಬೇಕು ಎಂದು ಕೇಳಿದನು. ಆಯುಧ ಹಿಡಿದವನಲ್ಲ; ಕಾಗದ ಬರೆದವನು. ಪಿಟ್ಟನ ಸರ್ಕಾರವು ಮೇ ತಿಂಗಳಲ್ಲಿ ಅವನನ್ನೂ ಇನ್ನು ಹಲವರನ್ನೂ ಹಿಡಿದು ಟವರಿನ ಸೆರೆಯಲ್ಲಿಟ್ಟಿತು. ಅವನು ಸೆರೆಯಲ್ಲಿರುವಾಗ ನೌಕಾವಿಜಯದ ಉತ್ಸವದ ನೆವದಿಂದ ಪುಂಡರು ಅವನ ಮನೆಗೆ ಮುತ್ತಿಗೆ ಹಾಕಿದರು; ತುಂಬು ಬಸುರಿಯಾದ ಹೆಂಡತಿಯು ಆ ಗಾಬರಿಯಲ್ಲಿ ನೊಂದು, ಆಗಸ್ಟಿನಲ್ಲಿ ಸತ್ತ ಮಗುವನ್ನು ಹೆತ್ತು ತಾನೂ ತೀರಿಕೊಂಡಳು.

ಆರೋಪವು ಮಹಾರಾಜದ್ರೋಹ. 1351ರ ಹಳೆಯ ಶಾಸನದ ಪ್ರಕಾರ ಅರಸನ ಮರಣವನ್ನು ಮನಸ್ಸಿನಲ್ಲಿ ಎಣಿಸುವುದೇ ದ್ರೋಹ. ಅದಕ್ಕೆ ಶಿಕ್ಷೆ ನೇಣು ಹಾಕಿ, ಜೀವವಿರುವಾಗಲೇ ಇಳಿಸಿ, ಕರುಳು ಕಿತ್ತು, ದೇಹವನ್ನು ನಾಲ್ಕು ತುಂಡು ಮಾಡುವುದು. ಸರ್ಕಾರದ ತರ್ಕವು ಹೀಗೆ: ಸಂಘವು ಪಾರ್ಲಿಮೆಂಟನ್ನು ಬದಲಾಯಿಸಬೇಕೆಂದಿತು; ಹಾಗೆ ಬದಲಾದರೆ ಅರಸನ ಅಧಿಕಾರಕ್ಕೆ ಧಕ್ಕೆ; ಅರಸನು ತಡೆದರೆ ಕಲಹ; ಕಲಹದಲ್ಲಿ ಅರಸನ ಪ್ರಾಣಕ್ಕೆ ಅಪಾಯ; ಆದುದರಿಂದ ಹಾರ್ಡಿಯು ಅರಸನ ಸಾವನ್ನು ಎಣಿಸಿದನು! ಈ ಸರಪಣಿಯನ್ನು ಹೆಣೆಯಲು ಅಟಾರ್ನಿ ಜನರಲ್ ಸ್ಕಾಟನಿಗೆ ಒಂಬತ್ತು ಗಂಟೆ ಬೇಕಾಯಿತು. ಅದನ್ನು ಕೇಳಿದ ವೃದ್ಧ ಲಾರ್ಡ್ ಥರ್ಲೋ, ಒಂಬತ್ತು ಗಂಟೆಯೇ? ಹಾಗಾದರೆ ದ್ರೋಹವೇ ಇಲ್ಲ, ಎಂದನಂತೆ.

ಅಕ್ಟೋಬರ್ 28ರಂದು ಓಲ್ಡ್ ಬೇಲಿಯಲ್ಲಿ ಮೊದಲಾದ ವಿಚಾರಣೆಯು ಒಂಬತ್ತು ದಿನ ನಡೆ. ಹಗಲೆಲ್ಲ ಪಾಟೀಸವಾಲು, ರಾತ್ರಿಯೆಲ್ಲ ಕಾಗದದ ರಾಶಿ. ಸರ್ಕಾರದ ಗೂಢಚಾರರನ್ನು ಅರ್ಸ್ಕಿನ್ನನು ಒಬ್ಬೊಬ್ಬರಾಗಿ ಬಿಡಿಸಿಟ್ಟನು; ಸಹಾಯಕನಾಗಿ ಗಿಬ್ಸನು ಕಾಯಿದೆಯ ಕಡೆಯನ್ನು ನೋಡಿಕೊಂಡನು. ನವೆಂಬರ್ ಒಂದರಂದು ಮಧ್ಯಾಹ್ನ ಎದ್ದು ನಿಂತ ಅರ್ಸ್ಕಿನ್ನನು ಏಳು ಗಂಟೆ ಮಾತನಾಡಿದನು. ಅರಸನ ಸಾವನ್ನು ಎಣಿಸುವುದೆಂದರೆ ಅರಸನ ಸಾವನ್ನೇ ಎಣಿಸುವುದು; ಅದನ್ನು ಜ್ಯೂರಿಯವರು ನಿಜಸಂಗತಿಯೆಂದು ನಂಬಬೇಕೇ ಹೊರತು ವಕೀಲರ ಊಹೆಯಿಂದ ಕಟ್ಟಿಕೊಳ್ಳಕೂಡದು; ಮತ್ತು ಹಾರ್ಡಿಯು ಕೇಳಿದ ಸುಧಾರಣೆಯನ್ನೇ ಈಗ ಅವನನ್ನು ಕೊಲ್ಲಿಸಹೊರಟ ಮಂತ್ರಿಗಳು ಹತ್ತು ವರ್ಷಗಳ ಹಿಂದೆ ಪಾರ್ಲಿಮೆಂಟಿನಲ್ಲಿ ಕೇಳಿದ್ದರು ಎಂಬುದು ಅದರ ತಿರುಳು. ಕಡೆಕಡೆಗೆ ಕಂಠವೊಡೆದು ಮಾತು ಪಿಸುನುಡಿಯಾಯಿತು. ಆದರೂ ನಿಶ್ಶಬ್ದವಾಗಿದ್ದ ಸಭೆಯ ಮೂಲೆಮೂಲೆಗೂ ಅದು ಕೇಳಿಸಿತೆನ್ನುತ್ತಾರೆ. ನವೆಂಬರ್ 5ರಂದು ಜ್ಯೂರಿಯು ಮೂರು ಗಂಟೆ ಆಲೋಚಿಸಿ, ನಿರಪರಾಧಿಯೆಂದಿತು.

ಜನರು ಹಾರ್ಡಿಯ ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದರು. ಮೆರವಣಿಗೆಯು ಪಿಕ್ಯಾಡಿಲಿಯಲ್ಲಿ ಅವನ ಹಳೆಯ ಅಂಗಡಿಯ ಮುಂದೆ ಬಂದಾಗ ಸದ್ದಡಗಿ ಕೆಲವು ನಿಮಿಷ ನಿಂತಿತು. ಅಲ್ಲಿಂದ ಅವನು ಹೆಂಡತಿಯನ್ನು ಹೂಳಿದ ಸ್ಥಳಕ್ಕೆ ಹೋದನು.

ಸರ್ಕಾರವು ಬುದ್ಧಿ ಕಲಿಯದೆ ಹಾರ್ನ್ ಟೂಕನ ಮೇಲೆಯೂ ಥೆಲ್ವಾಲನ ಮೇಲೆಯೂ ಅದೇ ಆರೋಪವನ್ನು ನಡೆಸಿತು. ಟೂಕನ ವಿಚಾರಣೆಯಲ್ಲಿ ಮಹಾಮಂತ್ರಿ ಪಿಟ್ಟನೇ ಸಾಕ್ಷಿಕಟ್ಟೆಗೆ ಬಂದು, ಹಿಂದೆ ತಾನೂ ಸುಧಾರಣೆಯ ಸಭೆಗೆ ಹೋಗಿದ್ದುದನ್ನು ಒಪ್ಪಿಕೊಳ್ಳಬೇಕಾಯಿತು. ಥೆಲ್ವಾಲನು ಸಾಕ್ಷ್ಯದ ನಡುವೆ ಆವೇಶಗೊಂಡು, ನನ್ನ ವಾದವನ್ನು ನಾನೇ ಮಾಡದಿದ್ದರೆ ನೇಣಿಗೇರುವೆನು ಎಂದು ಚೀಟಿ ಬರೆದು ಕೊಟ್ಟನು. ಮಾಡಿದರೆ ನೇಣಿಗೇರುವುದು ಖಂಡಿತ ಎಂದು ಅರ್ಸ್ಕಿನ್ನನು ಅದರ ಕೆಳಗೆ ಬರೆದು ಹಿಂದಿರುಗಿಸಿದನು. ಇಬ್ಬರೂ ಉಳಿದರು, ಉಳಿದವರನ್ನು ವಿಚಾರಣೆಯಿಲ್ಲದೆಯೇ ಬಿಟ್ಟರು. ಆದರೆ ನ್ಯಾಯಾಲಯದಲ್ಲಿ ಸೋತ ಮಂತ್ರಿಗಳು ಮರುವರ್ಷವೇ ಪಾರ್ಲಿಮೆಂಟಿನಲ್ಲಿ ಎರಡು ಶಾಸನಗಳನ್ನು ಮಾಡಿಸಿ ಸಭೆ ಸೇರುವುದಕ್ಕೂ ಮಾತಾಡುವುದಕ್ಕೂ ಕಟ್ಟುಹಾಕಿದರು. ಶಾಸನವನ್ನೇ ಬದಲಾಯಿಸಬಲ್ಲವರ ಮುಂದೆ ವಕೀಲನ ಗೆಲವು ಎಷ್ಟರದು!

ಇಂಥವನ ಹೆಸರಿಗೂ ಒಂದು ಕಪ್ಪು ಚುಕ್ಕೆಯುಂಟು. 1797ರಲ್ಲಿ ಧರ್ಮರಕ್ಷಣೆಗೆಂದು ಏರ್ಪಟ್ಟಿದ್ದ ಸಂಘವೊಂದು ಪೇನನದೇ ಇನ್ನೊಂದು ಗ್ರಂಥವನ್ನು ಮಾರಿದ ವಿಲಿಯಮ್ಸ್ ಎಂಬ ಬಡ ಪುಸ್ತಕವ್ಯಾಪಾರಿಯ ಮೇಲೆ ದೈವನಿಂದೆಯ ಮೊಕದ್ದಮೆ ಹೂಡಿತು. ಆಪಾದಿಸುವ ಕಡೆಯ ವಕೀಲನು ಅರ್ಸ್ಕಿನ್! ಆತನು ಆಸ್ತಿಕನು, ಆ ಗ್ರಂಥವು ಬಡವರ ಏಕೈಕ ಆಸರೆಯಾದ ಶ್ರದ್ಧೆಯನ್ನು ಕೆಡಿಸುವುದೆಂದು ಮನಸಾರೆ ನಂಬಿದ್ದನು. ವಾದಿಸಿದನು, ಗೆದ್ದನು. ಶಿಕ್ಷೆ ಗೊತ್ತಾಗುವುದಕ್ಕೆ ಮುಂಚೆ ಒಂದು ದಿನ ಬೀದಿಯಲ್ಲಿ ಹೋಗುತ್ತಿರಲು, ಬಡಕಲಾದ ಹೆಂಗಸೊಬ್ಬಳು ಅಳುತ್ತ ಅವನ ಬಟ್ಟೆಯನ್ನು ಹಿಡಿದೆಳೆದು ಒಂದು ಇಕ್ಕಟ್ಟಾದ ಕೋಣೆಗೆ ಕರೆದೊಯ್ದಳು. ಅಲ್ಲಿ ಮಕ್ಕಳು ಸಿಡುಬಿನಿಂದ ಮಲಗಿದ್ದುವು. ಮೂಲೆಯಲ್ಲಿ ಕುಳಿತು ವಿಲಿಯಮ್ಸನು ಧರ್ಮಬೋಧೆಯ ಸಣ್ಣ ಪುಸ್ತಕಗಳನ್ನು ಹೊಲಿಯುತ್ತಿದ್ದನು. ಅರ್ಸ್ಕಿನ್ನನು ಸಂಘದವರಿಗೆ ಬರೆದು, ಕರುಣೆ ತೋರಬೇಕೆಂದೂ ಇಷ್ಟಕ್ಕೆ ನಿಲ್ಲಿಸಬೇಕೆಂದೂ ಬೇಡಿಕೊಂಡನು. ಬಿಷಪ್ಪರೂ ಸಜ್ಜನರೂ ಸೇರಿದ್ದ ಆ ಸಂಘವು ಒಪ್ಪಲಿಲ್ಲ. ಆತನು ವಕಾಲತ್ತನ್ನು ಹಿಂದಿರುಗಿಸಿದನು. ವಿಲಿಯಮ್ಸನಿಗೆ ಒಂದು ವರ್ಷದ ಕಠಿಣ ಸಜೆಯಾಯಿತು.

ಬಂದ ವಕಾಲತ್ತನ್ನು ಬಿಡಕೂಡದೆಂದು ಸಾರಿದವನೇ ಬಿಟ್ಟನಲ್ಲವೇ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಆಪಾದಿತನನ್ನು ಕೈಬಿಡುವುದಕ್ಕೂ ಆಪಾದಿಸುವವನ ಕೈಬಿಡುವುದಕ್ಕೂ ಇರುವ ಅಂತರವನ್ನು ಅವರು ಕಾಣಲಿಲ್ಲವೆಂದು ತೋರುತ್ತದೆ. ಒಬ್ಬನ ಹಿಂದೆ ಯಾರೂ ಇಲ್ಲ. ಮತ್ತೊಬ್ಬನಿಗೆ ವಕೀಲರು ಬೇಕಾದಷ್ಟು. ಆದರೆ ಆ ಕೋಣೆಯನ್ನು ಕಾಣುವುದಕ್ಕೆ ಮುಂಚೆಯೇ ಈ ಮೊಕದ್ದಮೆಯನ್ನು ಹಿಡಿಯಬಾರದಾಗಿತ್ತೆಂಬ ಮಾತಿಗೆ ಉತ್ತರವಿಲ್ಲ.

1800ರ ಮೇ ತಿಂಗಳಲ್ಲಿ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಹ್ಯಾಡ್‌ಫೀಲ್ಡ್ ಎಂಬ ಮಾಜಿ ಸೈನಿಕನು ಮೂರನೆಯ ಜಾರ್ಜ್ ದೊರೆಯ ಮೇಲೆ ಗುಂಡು ಹಾರಿಸಿದನು, ಗುರಿ ತಪ್ಪಿತು. ಯುದ್ಧದಲ್ಲಿ ಕತ್ತಿಯೇಟಿನಿಂದ ಅವನ ತಲೆಬುರುಡೆ ಒಡೆದಿತ್ತು. ಲೋಕದ ಉದ್ಧಾರಕ್ಕಾಗಿ ತಾನು ಪರರ ಕೈಯಿಂದ ಸಾಯಬೇಕೆಂಬ ಭ್ರಮೆ ಅವನಿಗೆ. ಮದ್ದುಗುಂಡು ಕೊಂಡು, ಸಮಯ ನೋಡಿ ಹೊಡೆಯಬಲ್ಲವನನ್ನು ಹುಚ್ಚನೆಂದು ಹೇಗೆ ಕರೆಯುವುದೆಂಬುದು ಸರ್ಕಾರದ ಪ್ರಶ್ನೆ. ಹೆಸರು ಕುಲ ಮರೆತವನು ಮಾತ್ರ ಹುಚ್ಚನೆಂಬುದು ಅಂದಿನ ಕಾಯಿದೆಯ ಅಳತೆ. ಲೆಕ್ಕಾಚಾರವೆಲ್ಲ ಸರಿಯಾಗಿದ್ದು ಅದರ ಬುಡವೇ ಭ್ರಮೆಯಾಗಿರಬಹುದೆಂದು ಅರ್ಸ್ಕಿನ್ನನು ವೈದ್ಯರ ಸಾಕ್ಷ್ಯದಿಂದ ತೋರಿಸಿದನು. ನ್ಯಾಯಾಧೀಶ ಕೆನ್ಯನನು ವಿಚಾರಣೆಯನ್ನು ನಡುವೆಯೇ ನಿಲ್ಲಿಸಿ ಬಿಡುಗಡೆ ಹೇಳಿಸಿದನು. ಹೇಸಿಗೆಯ ಚಪ್ಪರದಲ್ಲಿ ಬಡವನು ತನ್ನ ನೆರೆಯವನನ್ನು ಕೊಂದಿದ್ದರೆ ವಕೀಲನಿಗೆ ಬಾಯಿ ತೆರೆಯುವ ಹಕ್ಕೂ ಇರುತ್ತಿರಲಿಲ್ಲ. ಅರಸನ ಮೇಲೆಯೇ ಕೈಯೆತ್ತಿದವನಿಗೆ ಅದು ದೊರಕಿತು. ಹ್ಯಾಡ್‌ಫೀಲ್ಡನನ್ನು ಮನೆಗೆ ಬಿಡಲಿಲ್ಲ. ಅವನಿಗಾಗಿಯೇ ಅವಸರದಿಂದ ಒಂದು ಶಾಸನವನ್ನು ಮಾಡಿ ಹುಚ್ಚರ ಆಸ್ಪತ್ರೆಯಲ್ಲಿಟ್ಟರು. 1841ರಲ್ಲಿ ಬಂಧನದಲ್ಲಿಯೇ ಸತ್ತನು.

ಉಳಿದುದನ್ನು ಬೇಗ ಹೇಳಬಹುದು. 1806ರಲ್ಲಿ ಅರ್ಸ್ಕಿನ್ನನು ಲಾರ್ಡ್ ಚಾನ್ಸೆಲರನಾದನು. ತನ್ನ ಲಾಂಛನದ ಮೇಲೆ 'ಜ್ಯೂರಿಯ ವಿಚಾರಣೆ' ಎಂಬ ಮಾತನ್ನೇ ಧ್ಯೇಯವಾಕ್ಯವಾಗಿ ಬರೆಯಿಸಿದನು. ಆದರೆ ಆ ಪೀಠದ ಕಾಯಿದೆ ಆತನು ಓದಿದ ಕಾಯಿದೆಯಲ್ಲ. ಮಂತ್ರಿಮಂಡಲವು ಮರುವರ್ಷವೇ ಬಿದ್ದಿತು. ಚಾನ್ಸೆಲರನಾಗಿದ್ದವನು ಮತ್ತೆ ವಕೀಲಿ ಮಾಡುವ ಸಂಪ್ರದಾಯವಿಲ್ಲದುದರಿಂದ ಐವತ್ತೇಳನೆಯ ವಯಸ್ಸಿಗೆ ಆ ಕಂಠವು ಮೌನವಾಯಿತು. ಮೂಕಪ್ರಾಣಿಗಳ ಹಿಂಸೆಯನ್ನು ತಡೆಯುವ ಮಸೂದೆಯೊಂದನ್ನು 1809ರಲ್ಲಿ ತಂದನು. ಪ್ರಭುಗಳ ಸಭೆ ಒಪ್ಪಿತು, ಕಾಮನ್ಸ್ ಸಭೆ ಒಪ್ಪಲಿಲ್ಲ. ಮುಪ್ಪಿನಲ್ಲಿ ಹಣದ ಮುಗ್ಗಟ್ಟೂ ಅವಸರದ ಎರಡನೆಯ ಮದುವೆಯೂ ಜನರ ನಗೆಗೆ ಕಾರಣವಾದುವು. 1823ರ ನವೆಂಬರ್ 17ರಂದು ಸ್ಕಾಟ್ಲೆಂಡಿನ ಆಲ್ಮಂಡೆಲ್ ಎಂಬಲ್ಲಿ ತೀರಿಕೊಂಡನು. ಘೋರಾಪರಾಧದ ಆಪಾದಿತನ ಪರವಾಗಿ ವಕೀಲನು ಜ್ಯೂರಿಯೊಡನೆ ಮಾತನಾಡಬಹುದೆಂಬ ಶಾಸನವು 1836ರಲ್ಲಿ ಬಂದಿತು.

ಚಮ್ಮಾರ ಹಾರ್ಡಿಯು ತನ್ನ ವಕೀಲನಿಗಿಂತ ಒಂಬತ್ತು ವರ್ಷ ಹೆಚ್ಚಾಗಿ ಬದುಕಿದನು. ಪ್ರತಿ ವರ್ಷ ನವೆಂಬರ್ 5ರಂದು ಗೆಳೆಯರು ಕೂಡಿ ಅವನ ಬಿಡುಗಡೆಯ ನೆನಪಿಗಾಗಿ ಊಟ ಮಾಡುತ್ತಿದ್ದರು. 1832ರ ಜೂನಿನಲ್ಲಿ ಪಾರ್ಲಿಮೆಂಟಿನ ಸುಧಾರಣೆಯ ಶಾಸನವಾದಾಗ ಅವನು ಇನ್ನೂ ಇದ್ದನು. ಅದರಿಂದ ಕೈಕಸುಬಿನವರಿಗೆ ಮತ ದೊರಕಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ತನ್ನ ಹಾಸಿಗೆಯ ಮೇಲೆಯೇ ಮಡಿದನು.